ಕೆರೆಗೆ ಬ್ರೆಡ್ಡು ಎರಚಿದವರು

ಕೆರೆಗೆ ಯಾರೋ ಬ್ರೆಡ್ಡು ಎರಚುತ್ತಿದ್ದಾರೆ ಎಂದು ಗೊತ್ತಾದ ದಿನ ಟೈಲರ್ ಮಾಸ್ತರಿಗೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಸಿಟ್ಟು ಬರಲು ಲೋಕದಲ್ಲಿ ಕಾರಣಗಳಿಗೇನು ಬರವೇ? ಬಾಬಿನ್ನಿನ ದಾರ ನಡುವೆ ತುಂಡಾಗಬಹುದು. ಗಿರಾಕಿ ಹೊಲಿಸಿದ ಪ್ಯಾಂಟು ಒಯ್ಯದೆ ಊರು ಬಿಡಬಹುದು. ಅಥವಾ ಹೊಟ್ಟೆ ಬೆಳೆಸಿಕೊಂಡು ಬಂದು, "ನಿಮ್ಮ ಅಳತೆ ತಪ್ಪಿದೆ ಮಾಸ್ತ್ರೇ" ಎನ್ನಬಹುದು. ಇವೆಲ್ಲವನ್ನೂ ಮಾಸ್ತರು ನಗುತ್ತಲೇ ಸಹಿಸಿಕೊಂಡು ಬಂದವರು. ಆದರೆ ಯಾರಾದರೂ ನಿಯಮ ಮುರಿದರೆ ಮಾತ್ರ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು. ಅದರಲ್ಲೂ ಇದು ಅವರೇ ಬರೆದ ನಿಯಮ.

ಕೊರಳಲ್ಲಿ ನೇತಾಡುವ ಇಂಚಿನ ಟೇಪಿನ ಸಮೇತ ಅವರು ಅಂಗಡಿಯಿಂದ ಅಡುಗೆಮನೆಗೆ ನುಗ್ಗಿದರು. (ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಅಡುಗೆಮನೆ ಎಂದರೆ ಅದರ ಹಿಂದಿನದು. ನಡುವಿನ ಪರದೆ ಯಾರೋ ಗಿರಾಕಿ ಮರೆತುಹೋದ ಸೂಟಿನ ಬಟ್ಟೆ.)

"ಏನೇ, ಕೇಳಿದ್ಯಾ? ಕೆರೆಗೆ ಬ್ರೆಡ್ಡು ಹಾಕ್ತಿದಾರೆ."

ಒಲೆಯ ಮುಂದಿದ್ದ ಹೆಂಡತಿಯ ಕೈಯಲ್ಲಿದ್ದ ಚಮಚ ಪಾತ್ರೆಯೊಳಗೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತಿರುಗಿತು.

"ಯಾರು?"

"ಅದು ಗೊತ್ತಿದ್ರೆ ನಾನು ಇಲ್ಲಿ ಕಾಫಿ ಕುಡ್ಕೊಂಡು ಇರ್ತಿದ್ನಾ?"

"ಎಲ್ಲಿ ಕುಡೀತಿದೀರ? ಆಗಲೇ ಆರಿ ತಣ್ಣಗಾಗಿದೆ."

"ತಮಾಷೆ ಅಲ್ಲ ಕಣೆ ಇದು. ಕೆರೆ ವಿಷಯ."

"ಬ್ರೆಡ್ಡು ತಾನೇ ರೀ, ವಿಷ ಏನಲ್ವಲ್ಲ."

ಈ ಮಾತಿಗೆ ಮಾಸ್ತರು ಕೊಟ್ಟ ಉತ್ತರ ಉದ್ದವಾಗಿತ್ತು. ಅಷ್ಟು ಹೊತ್ತಿಗೆ ಹಾಲು ಉಕ್ಕಿ ಒಲೆ ಆರಿಹೋಯಿತು. ಸಾರಾಂಶ ಇಷ್ಟು. ಗಾಳಕ್ಕೆ ಸಿಕ್ಕಿಸಿದರೆ ಅದು ಎರೆ. ನೀರಿಗೆ ಎರಚಿದರೆ ಅದು ಅಪರಾಧ. ಎರೆ ಎಂದರೆ ಮೀನಿಗೂ ಮನುಷ್ಯನಿಗೂ ನಡುವೆ ನಡೆಯುವ ಮರ್ಯಾದೆಯ ವ್ಯವಹಾರ: ಇಗೋ ಹುಳ, ಬೇಕಾದರೆ ಕಚ್ಚು, ಬೇಡವಾದರೆ ಬಿಡು. ಮೇವು ಎರಚುವುದೆಂದರೆ ಊರನ್ನೆಲ್ಲ ಊಟಕ್ಕೆ ಕರೆದು ಬಾಗಿಲ ಹಿಂದೆ ದೊಣ್ಣೆ ಹಿಡಿದು ನಿಂತಂತೆ. ಅದೂ ಹೋಗಲಿ, ತಿಂದು ಮಿಕ್ಕಿದ್ದು ಕೆರೆಯ ತಳದಲ್ಲಿ ಕೊಳೆಯುತ್ತದೆ, ನೀರು ನಾರುತ್ತದೆ. ನೀರು ನಾರಿದರೆ ಕೆರೆಯನ್ನು ಸಂಘದ ವಶಕ್ಕೆ ಕೊಟ್ಟಿರುವ ಊರಿನ ಆಡಳಿತದವರು ಅನುಮತಿಯನ್ನು ಕಿತ್ತುಕೊಳ್ಳುತ್ತಾರೆ. ಆಮೇಲೆ ಭಾನುವಾರ ಎಲ್ಲರೂ ಮನೆಯಲ್ಲೇ ಕೂರಬೇಕಾಗುತ್ತದೆ.

ಮಾಸ್ತರು ಗಾಳಗಾರರ ಸಂಘದ ಕಾರ್ಯದರ್ಶಿ. ಹಲ್ಲಿನ ಡಾಕ್ಟರು ಅಧ್ಯಕ್ಷರು. (ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದು ಅವರ ಕ್ಲಿನಿಕ್ಕಿನಲ್ಲಿ ಕುರ್ಚಿಗಳು ಜಾಸ್ತಿ ಇವೆ ಎಂಬ ಒಂದೇ ಕಾರಣಕ್ಕೆ.) ಸಂಘದ ನಿಯಮಗಳನ್ನೆಲ್ಲ ಬರೆದವರು ಮಾಸ್ತರು. ಅದಕ್ಕೇ ಬೆನ್ನ ಹಿಂದೆ ಅವರಿಗೆ ರೂಲ್ಸ್ ಮಾಸ್ತರು ಎಂಬ ಹೆಸರು. ಅದು ಅವರಿಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಅವರಿಗೆ ಇನ್ನೊಂದು ಖುಷಿಯಿತ್ತು, ಅದು ಹೊಸದು. ವರ್ಷಗಟ್ಟಲೆ ಮಾಸ್ತರು ಕೆರೆಯಿಂದ ಬರಿಗೈಯಲ್ಲಿ ಬಂದವರು. ಅವರ ಗಾಳದ ಹತ್ತಿರ ಹಾಯುವ ಮೀನಿಗೆ ಆಯುಸ್ಸು ಗಟ್ಟಿ ಎಂದು ಸಂಘದಲ್ಲಿ ಮಾತಿತ್ತು. ಅಂಥವರು ಕಳೆದ ವರ್ಷದಿಂದ ಇದ್ದಕ್ಕಿದ್ದಂತೆ ಬುಟ್ಟಿ ತುಂಬಿಸಿಕೊಂಡು ಬರತೊಡಗಿದರು. ಎಲ್ಲರ ಗಾಳದ ಬೆಂಡೂ ನೀರಿನ ಮೇಲೆ ನಿದ್ದೆ ಹೊಡೆಯುತ್ತಿದ್ದರೆ ಮಾಸ್ತರ ಬೆಂಡು ಮಾತ್ರ ಕುಣಿಯುತ್ತಿತ್ತು. ಕಳೆದ ವರ್ಷದ ಸ್ಪರ್ಧೆಯಲ್ಲಿ ಬೆಳ್ಳಿ ಕಪ್ಪು ಅವರಿಗೇ ಬಂತು. ಈ ಸಲವೂ ಗೆದ್ದರೆ ಅದು ಶಾಶ್ವತವಾಗಿ ಅವರ ಮನೆಯಲ್ಲೇ ಉಳಿಯುವುದು. ಜನ ಅವರ ಹತ್ತಿರ ಬಂದು, "ಏನ್ ಮಾಸ್ತ್ರೇ, ಗುಟ್ಟು?" ಎಂದು ಕೇಳುವರು. ಮಾಸ್ತರು ಕಣ್ಣು ಮುಚ್ಚಿ, "ಗುಟ್ಟು ಅಂತ ಏನಿಲ್ಲಪ್ಪ. ಸೂಜಿಗೆ ದಾರ ಪೋಣಿಸೋ ಕೈ. ಅದಕ್ಕೊಂದು ತಾಳ್ಮೆ ಇರುತ್ತೆ" ಎನ್ನುವರು. ಈ ಮಾತನ್ನು ಹೇಳುವಾಗ ಅವರಿಗೆ ಎದೆಯೊಳಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಆ ದಿನ ಗಿರಾಕಿಗಳಿಗೆ ಗುಂಡಿಗಳನ್ನು ಬಿಟ್ಟಿಯಾಗಿ ಹೊಲಿದು ಕೊಡುತ್ತಿದ್ದರು.

ಇಂಥ ಹೊತ್ತಿನಲ್ಲಿ ಈ ಬ್ರೆಡ್ಡು. ಮಾಸ್ತರು ನೀರಿನಲ್ಲಿ ತೇಲುತ್ತಿದ್ದ ಒಂದು ತುಂಡನ್ನು ಕರವಸ್ತ್ರದಲ್ಲಿ ಎತ್ತಿಕೊಂಡು ಬಂದು, ಹಾಳಾಗದಿರಲೆಂದು ಇಸ್ತ್ರಿ ಪೆಟ್ಟಿಗೆಯ ಕೆಳಗಿಟ್ಟು ಒತ್ತಿದರು. ಅದು ಚಪ್ಪಟೆಯಾಗಿ, ಗರಿಗರಿಯಾಗಿ, ಕಾಲರಿಗೆ ಹಾಕುವ ಕ್ಯಾನ್ವಾಸಿನ ಹಾಗಾಯಿತು. ಅದರೊಳಗೆ ಸೋಂಪಿನ ಕಾಳುಗಳು ಕಂಡವು. ಊರಿನಲ್ಲಿ ಬ್ರೆಡ್ಡಿಗೆ ಸೋಂಪು ಹಾಕುವ ಬೇಕರಿ ಒಂದೇ. ಅದು ಮಾಸ್ತರ ಹೆಂಡತಿಯ ಅಣ್ಣನದು. ಆ ಬೇಕರಿ ಭಾವನೂ ಸಂಘದ ಸದಸ್ಯ, ಸ್ಪರ್ಧೆಯಲ್ಲಿ ಕಳೆದ ಸಲ ಎರಡನೆಯ ಸ್ಥಾನ.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೇ" ಎಂದರು ಮಾಸ್ತರು.

"ಅಣ್ಣ ಅಂಥೋನಲ್ಲ" ಎಂದಳು ಹೆಂಡತಿ, ಅವರ ಮುಖ ನೋಡದೆ.

"ನಿನಗೆ ಅಣ್ಣ. ಕೆರೆಗೆ ಅವರು ಆರೋಪಿ."

"ರೀ, ಒಂದು ಮಾತು ಹೇಳ್ತೀನಿ, ಕೇಳ್ತೀರಾ?"

"ತವರಿನ ಪರ ವಕಾಲತ್ತಾದ್ರೆ ಬೇಡ."

ಆಕೆ ಬಾಯಿ ಮುಚ್ಚಿಕೊಂಡಳು. ಆ ಮಾತನ್ನು ಮಾಸ್ತರು ಅಂದೇ ಕೇಳಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ಮಾತನ್ನು ಸರಿಯಾದ ಹೊತ್ತಿಗೆ ಕೇಳಿಸಿಕೊಂಡ ಗಂಡನ ಬಗ್ಗೆ ಯಾರಾದರೂ ಕಥೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಸಂಘದ ಸಭೆ ಹಲ್ಲಿನ ಕ್ಲಿನಿಕ್ಕಿನಲ್ಲಿ ನಡೆಯಿತು. ಒಳಗೆ ಯಾರದೋ ಹಲ್ಲು ಮರಗಟ್ಟಲು ಬಿಟ್ಟು ಡಾಕ್ಟರು ಹೊರಗೆ ಬಂದು ಅಧ್ಯಕ್ಷತೆ ವಹಿಸಿದರು. ಮಾಸ್ತರು ಹೊಸ ಕಲಮೊಂದನ್ನು ಮಂಡಿಸಿದರು. ಸದರಿ ಕೆರೆಗೆ ಮೇವನ್ನು ಸದಸ್ಯನು ಸ್ವಹಸ್ತದಿಂದ ಎರಚಿದರೂ, ಆತನ ಮನೆಯವರು, ಕೆಲಸದವರು, ಹಿತೈಷಿಗಳು ಎರಚಿದರೂ ಅಪರಾಧ ಸದಸ್ಯನದೇ; ಅಂಥವನಿಗೆ ಕಪ್ಪಿನ ಮೇಲೆ ಹಕ್ಕಿಲ್ಲ; ಮುಂದಿನ ಮಳೆಗಾಲ ಕಳೆಯುವ ತನಕ ಆತ ಗಾಳ ಮುಟ್ಟತಕ್ಕದ್ದಲ್ಲ. ಭಾವ ತನ್ನ ಬೇಕರಿಯ ಕೆಲಸದವರ ಮೇಲೆ ಹಾಕಿ ನುಣುಚಿಕೊಳ್ಳಬಾರದೆಂದೇ ಮಾಸ್ತರು ಈ ಮಾತುಗಳನ್ನು ಒಂದೊಂದಾಗಿ ಅಳೆದು ಸೇರಿಸಿದ್ದರು. ಎಲ್ಲರೂ ಕೈ ಎತ್ತಿದರು. ಭಾವನೂ ಎತ್ತಿದರು. ಆಮೇಲೆ ಮಾಸ್ತರು ಇಸ್ತ್ರಿ ಮಾಡಿದ ಬ್ರೆಡ್ಡನ್ನು ತೆಗೆದು ಮೇಜಿನ ಮೇಲಿಟ್ಟರು.

"ಭಾವ, ಇದು ನಿಮ್ಮದೇ ಅಲ್ವಾ?"

ಬೇಕರಿ ಭಾವ ದೊಡ್ಡ ಆಳು, ಮೆತ್ತನೆಯ ಮನಸ್ಸು. ಹುಬ್ಬಿನಲ್ಲಿ ಸದಾ ಹಿಟ್ಟು. ಅವರು ತುಂಡನ್ನು ಎತ್ತಿ ಮೂಸಿದರು. "ಹೂಂ, ನಮ್ಮ ಒಲೆದೇ. ಆದ್ರೆ ಯಾಕಪ್ಪ ಇದನ್ನ ಹಿಂಗೆ ಹಿಂಸೆ ಮಾಡಿದೀರಿ?"

"ಇದು ಕೆರೇಲಿ ಸಿಕ್ತು."

"ಮಾರಿದ ಬ್ರೆಡ್ಡು ಎಲ್ಲಿಗೆ ಹೋಗುತ್ತೆ ಅಂತ ಹಿಂದೇನೇ ಹೋಗೋಕಾಗುತ್ತಾ?"

"ನೀವೇ ಎರಚಿಲ್ಲ ಅಂತೀರಾ?"

ಒಳಗೆ ಕುರ್ಚಿಯಲ್ಲಿದ್ದವನು ಮರಗಟ್ಟಿದ ಬಾಯಲ್ಲಿ ಏನೋ ಅಂದ. ಭಾವ ಎದ್ದು ನಿಂತರು. ಸಿಟ್ಟಾಗಿದ್ದರೆ ಮಾಸ್ತರಿಗೂ ವಾದಿಸಲು ಸುಲಭವಿತ್ತು. ಆದರೆ ಆ ಮನುಷ್ಯನ ಮುಖ ಸಣ್ಣದಾಗಿತ್ತು.

"ತಂಗೀನ ಕೊಟ್ಟ ಮನೆ, ನಾನೇನೂ ಮಾತಾಡಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದರು.

ಅಂದು ಮನೆಯಲ್ಲಿ ಊಟಕ್ಕೆ ಮಾತಿನ ಉಪ್ಪು ಇರಲಿಲ್ಲ. "ಅಣ್ಣನ್ನ ಕಳ್ಳ ಅಂದ್ರಂತೆ" ಎಂದಳು ಹೆಂಡತಿ. "ಅನ್ನಲಿಲ್ಲ, ಕೇಳಿದೆ" ಎಂದರು ಮಾಸ್ತರು. "ಅಷ್ಟು ಜನರ ಮುಂದೆ ಕೇಳೋದೂ ಅನ್ನೋದೂ ಒಂದೇ" ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು. ಮಾಸ್ತರಿಗೆ ಆ ಸಣ್ಣದಾದ ಮುಖ ಕಣ್ಣ ಮುಂದೆ ಬಂದು ಕಸಿವಿಸಿಯಾಯಿತು. ಕಸಿವಿಸಿ ಹೋಗಬೇಕಾದರೆ ಭಾವನನ್ನು ಕೈಯಾರೆ ಹಿಡಿಯಬೇಕು, ಆಗ ತಾನು ಹೇಳಿದ್ದು ಸರಿ ಎಂದಾಗುತ್ತದೆ ಎಂದು ಅವರು ತೀರ್ಮಾನಿಸಿದರು. ತಪ್ಪಿರಬಹುದು ಎನ್ನಿಸಿದಾಗ ಮನುಷ್ಯ ಇನ್ನಷ್ಟು ಜೋರಾಗಿ ಸರಿಯಾಗಲು ಹೊರಡುತ್ತಾನೆ ನೋಡಿ.

ಸ್ಪರ್ಧೆಯ ಹಿಂದಿನ ದಿನ ಬೆಳಕು ಹರಿಯುವ ಹೊತ್ತಿಗೆ ಮಾಸ್ತರು ಕೆರೆಯ ದಂಡೆಯ ಪಂಪುಮನೆಯ ಹಿಂದೆ ಅಡಗಿ ಕೂತಿದ್ದರು. ಸಾಕ್ಷಿಗೆಂದು ಡಾಕ್ಟರನ್ನೂ ಎಳೆದು ತಂದಿದ್ದರು. ನಾಳೆ ಭಾವ ಇಲ್ಲವೆನ್ನಬಾರದಲ್ಲ. ಡಾಕ್ಟರು ಮಫ್ಲರಿನೊಳಗೆ ಅರ್ಧ ನಿದ್ದೆಯಲ್ಲಿದ್ದರು. ಮನೆಯಲ್ಲಿ ಹೆಂಡತಿಗೆ ಮಾಸ್ತರು, ಮೆಷಿನ್ನಿನ ಬೆಲ್ಟು ತರಲು ಹೋಗುತ್ತೇನೆ ಎಂದಿದ್ದರು. ಅಷ್ಟು ಬೆಳಿಗ್ಗೆ ಬೆಲ್ಟು ಮಾರುವ ಅಂಗಡಿ ಯಾವುದು ಎಂದು ಆಕೆ ಕೇಳಲಿಲ್ಲ. ಅದನ್ನು ಮಾಸ್ತರು ಆಗಲೇ ಗಮನಿಸಬೇಕಿತ್ತು.

ದಂಡೆಯ ಆ ಕಡೆಯಿಂದ ಒಂದು ಆಕೃತಿ ಬಂತು.

"ಬಂದ್ರು" ಎಂದು ಮಾಸ್ತರು ಪಿಸುಗುಟ್ಟಿದರು. "ನೋಡಿ ಡಾಕ್ಟ್ರೇ, ಭಾವನ ನಡಿಗೇನೇ. ಹಿಮ್ಮಡಿ ಒತ್ತಿ ನಡೀತಾರೆ."

"ಸ್ವಲ್ಪ ಇಳಿದು ಹೋಗಿದಾರೆ ಅನ್ಸುತ್ತೆ."

"ಮರ್ಯಾದೆ ಹೋದ ಚಿಂತೆ."

"ಜಡೆ ಇದೆ ಮಾಸ್ತ್ರೇ."

"ವೇಷ ಮರೆಸಿಕೊಂಡಿದಾರೆ."

"ಕೈಯಲ್ಲಿ ಹಾಲಿನ ಕ್ಯಾನು?"

ಬಂದವರ ಮುಖ ಇನ್ನೂ ಕತ್ತಲಲ್ಲಿತ್ತು, ಆದರೆ ಹೊದ್ದ ಶಾಲಿನ ಅಂಚು ಬೆಳಕಿಗೆ ಕಂಡಿತು. ಆ ಅಂಚಿನ ಹೊಲಿಗೆ ಅವರದೇ. ದರ್ಜಿಯಾದವನು ಮುಖ ಮರೆತಾನು, ತನ್ನ ಹೊಲಿಗೆ ಮರೆಯುವುದಿಲ್ಲ. ದಿನಾ ಬೆಳಿಗ್ಗೆ ಹಾಲು ತರಲು ಹೋಗುವ ಹೆಂಡತಿ, ಹಾಲಿನ ಅಂಗಡಿಯ ಮುಂದೆ ಅಷ್ಟುದ್ದ ಸಾಲು ಎಂದು ತಡವಾಗಿ ಬರುವ ಹೆಂಡತಿ, ಕಂಕುಳಿನಿಂದ ಚೀಲವೊಂದನ್ನು ತೆಗೆದಳು. ಸರಿಯಾಗಿ ಮಾಸ್ತರು ಭಾನುವಾರ ಕೂರುವ ಕಲ್ಲಿನ ಹತ್ತಿರವೇ ಕುಕ್ಕರಗಾಲಲ್ಲಿ ಕೂತು, ಬ್ರೆಡ್ಡನ್ನು ಪುಡಿ ಮಾಡಿ ನೀರಿಗೆ ಎರಚತೊಡಗಿದಳು. ನೀರು ಕುದಿದಂತೆ ಎದ್ದಿತು. ಅಷ್ಟು ಮೀನು ಆ ಕೆರೆಯಲ್ಲಿದೆ ಎಂದು ಮಾಸ್ತರಿಗೇ ಗೊತ್ತಿರಲಿಲ್ಲ.

ಆಮೇಲೆ ಆಕೆ ಮೀನುಗಳ ಜೊತೆ ಮಾತಾಡಿದಳು. ಮಕ್ಕಳಿಗೆ ಊಟ ಹಾಕುವವರ ದನಿ.

"ತಿನ್ನಿ. ಹೊಟ್ಟೆ ತುಂಬ ತಿನ್ನಿ. ಏ ಹರಕುತುಟಿ, ನಿಂದು ಆಯ್ತಲ್ಲ, ಚಿಕ್ಕದಕ್ಕೆ ಬಿಡು. ನಾಳೆ ನಮ್ಮ ಯಜಮಾನ್ರು ಹುಳ ತಗೊಂಡು ಬರ್ತಾರೆ. ಹೊಟ್ಟೆ ತುಂಬಿದೆ, ಬೇಡ ಅನ್ನಿ. ಆ ಕಡೆ ತಿರುಗಿ ಕೂಡ ನೋಡಬೇಡಿ, ನಿಮ್ಮ ದಮ್ಮಯ್ಯ. ಹೋದ ವಾರ ಇಷ್ಟು ಹಾಕಿದ್ರೂ ಹೋಗಿ ಕಚ್ಚಿದ್ರಲ್ಲ, ನಿಮಗೇನು ಅಷ್ಟು ದುರಾಸೆ?"

ಡಾಕ್ಟರಿಗೆ ಮೊದಲು ಅರ್ಥವಾಯಿತು. ಅವರು ಮಫ್ಲರನ್ನು ಬಾಯಿಗೆ ತುರುಕಿಕೊಂಡರು, ಹೆಗಲುಗಳು ಕುಣಿಯತೊಡಗಿದವು. ಮಾಸ್ತರಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು.

"ಮಾಸ್ತ್ರೇ" ಎಂದರು ಡಾಕ್ಟರು ಕೊನೆಗೆ, ಕಣ್ಣೊರೆಸಿಕೊಂಡು. "ನಾನು ಕಣ್ಣಿನ ಡಾಕ್ಟ್ರಲ್ಲ, ಹಲ್ಲಿನ ಡಾಕ್ಟ್ರು. ನನಗೇನೂ ಕಾಣಿಸಲಿಲ್ಲ. ನೀವು ಏನು ನೋಡಿದ್ರೋ ನಿಮಗೆ ಬಿಟ್ಟದ್ದು."

ಮನೆಗೆ ಬಂದ ಹೆಂಡತಿಯ ಮುಂದೆ ಮಾಸ್ತರು ನಿಂತಾಗ ಅವರ ಪ್ಯಾಂಟಿನ ಹಿಂಭಾಗವೆಲ್ಲ ಕೆಸರು. ಆಕೆ ಕೆಸರನ್ನು ನೋಡಿದಳು, ಮುಖವನ್ನು ನೋಡಿದಳು, ಹಾಲಿನ ಕ್ಯಾನನ್ನು ನಿಧಾನವಾಗಿ ಕೆಳಗಿಟ್ಟಳು.

"ಬೆಲ್ಟು ಸಿಗ್ತಾ?"

"ಯಾಕೆ ಹಿಂಗೆ ಮಾಡ್ದೆ?"

"ಹುರುಪೆ ರೀ" ಎಂದಳು ಆಕೆ. ಕಟ್ಟೆ ಒಡೆದು ಬಂತು ಮಾತು. "ಭಾನುವಾರ ಬಂತು ಅಂದ್ರೆ ಮೀನು ತಂದು ಬಚ್ಚಲಿಗೆ ಸುರೀತೀರ. ಹೊಟ್ಟೆ ಸೀಳಿ, ಹುರುಪೆ ಹೆರೆದು, ತೊಳೆದು, ನೆಲ ಉಜ್ಜಿ, ಸೋಮವಾರ ತಲೆ ಬಾಚಿದ್ರೆ ಬಾಚಣಿಗೇಲೂ ಹುರುಪೆ. ಪಕ್ಕದ ಮನೆ ಬೆಕ್ಕು ನನ್ನ ಹಿಂದೆ ಮಾರ್ಕೆಟ್ಟಿಗೂ ಬರುತ್ತೆ. ನಿಮಗೆ ಎಷ್ಟು ಸಲ ಹೇಳಿಲ್ಲ?"

"ನೀನು ಗೊಣಗ್ತಿದ್ದೆ ಅಷ್ಟೇ."

"ನಿಮ್ಮ ಕಿವಿಗೆ ಹೋಗೋ ಹೊತ್ತಿಗೆ ಎಲ್ಲಾ ಗೊಣಗಾಟಾನೇ ಆಗುತ್ತೆ. ನೀವು ಮೀನು ಹಿಡೀಬೇಡಿ ಅನ್ನೋಕೆ ಮನಸ್ಸಾಗಲಿಲ್ಲ. ಕೆರೇಗೆ ಹೋಗೋದು ಅಂದ್ರೆ ನಿಮಗೆ ಪ್ರಾಣ. ಮೀನು ಕಚ್ಚದೆ ಇದ್ರೆ ನಿಮ್ಮದೂ ಆಯ್ತು, ನಂದೂ ಆಯ್ತು ಅಂದ್ಕೊಂಡೆ. ಊಟ ಆದ ಮೇಲೆ ಯಾರಾದ್ರೂ ಹುಳ ತಿಂತಾರಾ? ಮೊದಲು ನಿಜಕ್ಕೂ ಹಕ್ಕಿಗೆ ಅಂತಲೇ ಅಣ್ಣನ ಹತ್ರ ಹಳೇ ಬ್ರೆಡ್ಡು ಇಸ್ಕೊಂಡಿದ್ದೆ. ಮಿಕ್ಕ ಒಂದು ತುಂಡು ಕೆರೆಗೆ ಹಾಕಿದ್ದೆ, ನೀವು ಆ ವಾರ ಎರಡು ಮೀನು ತಂದ್ರಿ, ಹುರುಪೆ ಕಾಟ ಶುರುವಾಯ್ತು. ಮೀನಿಗೆ ಊಟ ಸಾಲಲಿಲ್ಲ ಅಂತ ಒಂದು ಬ್ರೆಡ್ಡೇ ಹಾಕಿದೆ, ಚೀಲ ತುಂಬ ತಂದ್ರಿ. ಚೀಲ ತುಂಬ ಬ್ರೆಡ್ಡು ಹಾಕಿದೆ, ಬುಟ್ಟಿ ತುಂಬ ತಂದ್ರಿ. ನಾನು ಹಾಕಿದಷ್ಟೂ ನೀವು ತರ್ತಾನೇ ಇದ್ರಿ. ನನಗೂ ಹಠ ಬಂತು."

ಮಾಸ್ತರು ಹಣೆ ಹಿಡಿದುಕೊಂಡರು. "ಅಯ್ಯೋ, ಅದನ್ನೇ ಕಣೆ ಮೇವು ಎರಚೋದು ಅಂತಾರೆ. ಹತ್ತು ಜನಕ್ಕೆ ಅಡುಗೆ ಮಾಡಿ ಊರಿಗೆಲ್ಲ ಗಂಟೆ ಬಾರಿಸಿದ ಹಾಗೆ. ಹತ್ತು ಜನ ಉಣ್ತಾರೆ, ಮಿಕ್ಕವರು ಹಸಿದು ಅಲ್ಲೇ ಸುತ್ತುತಿರ್ತಾರೆ. ನಾನು ಹೋಗಿ ಹುಳ ಬಿಟ್ರೆ ಬಿಡ್ತಾವಾ?"

ಆಕೆ ಬೆರಳು ಮಡಿಸಿ ವಾರಗಳನ್ನು ಎಣಿಸಿ ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು. "ಅಲ್ರೀ, ಹುಳ ತೋರಿಸಿ ಗಂಟಲಿಗೆ ಕೊಕ್ಕೆ ಹಾಕೋದು ನ್ಯಾಯ. ಕೊಕ್ಕೆ ಇಲ್ಲದೆ ಸುಮ್ಮನೆ ಊಟ ಹಾಕಿದ್ರೆ ಅನ್ಯಾಯ. ಇದ್ಯಾವ ಸೀಮೆ ಕಾನೂನು?"

"ನೀರು ಕೆಡುತ್ತೆ ಕಣೆ. ಮಿಕ್ಕಿದ್ದು ತಳದಲ್ಲಿ ಕೊಳೆತರೆ ಮೀನಿಗೆ ಉಸಿರಾಡೋಕಾಗಲ್ಲ. ಸಾಯ್ತವೆ."

"ಸಾಯ್ತವಾ?" ಎಂದಳು ಆಕೆ. ಜಗಳದ ದನಿ ಅಲ್ಲಿಗೆ ನಿಂತುಹೋಯಿತು. "ನನ್ನ ಬ್ರೆಡ್ಡಿಂದ? ನಾನು... ಇನ್ನು ಹಾಕಲ್ಲ ರೀ."

ಮಾಸ್ತರು ಸ್ಟೂಲಿನ ಮೇಲೆ ಕೂತರು. ಕಪ್ಪು, ಕಲಮು, ಭಾವ, ಎಲ್ಲಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಅವರನ್ನು ಒಳಗೆ ಕೊರೆಯುತ್ತಿತ್ತು. ಕೇಳಲು ನಾಚಿಕೆಯಾದರೂ ಕೇಳಿದರು.

"ಹಂಗಾದ್ರೆ ನಾನಾಗಿ ಹಿಡಿದದ್ದು ಅಂತ ಒಂದೂ ಇಲ್ವಾ?"

ಆಕೆ ಯೋಚಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ, ಆದರೆ ಗಂಡನ ಆ ಮುಖವನ್ನು ನೋಡಲೂ ಆಗಲಿಲ್ಲ. "ಯಾಕಿಲ್ಲ? ಮದುವೆಯಾದ ಹೊಸದರಲ್ಲಿ ಒಂದು ತಂದಿದ್ರಲ್ಲ, ಹೆಬ್ಬೆರಳಿನಷ್ಟು. ಅದು ಪೂರ್ತಿ ನಿಮ್ಮದೇ."

ಆ ದಿನವೆಲ್ಲ ಮಾಸ್ತರು ಹೊಲಿದದ್ದು ಒಂದೂ ನೆಟ್ಟಗಾಗಲಿಲ್ಲ. ಒಂದು ಅಂಗಿಗೆ ಎರಡೂ ಎಡತೋಳನ್ನೇ ಹಚ್ಚಿದರು. ಕಪ್ಪು ಕೈಗೆ ಒಂದೇ ದಿನದ ದೂರದಲ್ಲಿತ್ತು. ಡಾಕ್ಟರು ಬಾಯಿ ಬಿಡುವವರಲ್ಲ, ಹೆಂಡತಿ ನಿಲ್ಲಿಸಿದ್ದಾಳೆ. ಬಾಯಿ ಮುಚ್ಚಿಕೊಂಡು ಹೋಗಿ ಗಾಳ ಹಾಕಿದರೆ ಅಷ್ಟೂ ಮೀನು ಅಲ್ಲೇ ಕಾದಿವೆ. ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಅಡ್ಡ ನಿಂತದ್ದು ಕಲಮಲ್ಲ, ಭಾವನ ಆ ಸಣ್ಣದಾದ ಮುಖ. ಅದನ್ನು ಎಷ್ಟು ತಳ್ಳಿದರೂ ಅದು ಮೆಷಿನ್ನಿನ ಮುಂದೆ ಬಂದು ಕೂರುತ್ತಿತ್ತು. ಊಟದ ಹೊತ್ತಿಗೆ ಹೆಂಡತಿ, "ನಾನೇ ಬಂದು ಹೇಳ್ತೀನಿ, ತಪ್ಪು ನಂದು" ಎಂದಳು. "ನೀನು ಸುಮ್ನಿರು" ಎಂದರು ಮಾಸ್ತರು. "ಮರ್ಯಾದೆ ಕಳೆದವನು ನಾನು, ಕೊಡೋನೂ ನಾನೇ ಆಗಬೇಕು."

ಮರುದಿನ ಕೆರೆಯ ದಂಡೆಯ ಮೇಲೆ ಸಂಘವೆಲ್ಲ ಸೇರಿತ್ತು. ಭಾವ ದೂರದಲ್ಲಿ ಒಬ್ಬರೇ ಕೂತು ಗಾಳಕ್ಕೆ ಹುಳ ಸಿಕ್ಕಿಸುತ್ತಿದ್ದರು. ಮಾಸ್ತರು ಕಲ್ಲಿನ ಮೇಲೆ ಹತ್ತಿ ನಿಂತು ಎಲ್ಲವನ್ನೂ ಹೇಳಿದರು. ಬ್ರೆಡ್ಡು ಎರಚಿದ್ದು ತಮ್ಮ ಮನೆಯವರು. ಕಳೆದ ವರ್ಷದ ಕಪ್ಪೂ ಅದರಿಂದಲೇ ಬಂದದ್ದು. ಸೂಜಿಗೆ ದಾರ ಪೋಣಿಸುವ ಕೈಯ ತಾಳ್ಮೆ ಗೀಳ್ಮೆ ಎಲ್ಲ ಸುಳ್ಳು. ಆಮೇಲೆ ಅವರೇ ತಮ್ಮ ಕಲಮನ್ನು ಬಾಯಿಪಾಠ ಒಪ್ಪಿಸಿದರು. ಮನೆಯವರು ಎಂಬ ಮಾತನ್ನು ಎರಡು ಸಲ ಹೇಳಿದರು. ಯಾಕೆ ಎರಚಿದಳೆಂಬುದನ್ನೂ ಹೇಳಬೇಕಾಯಿತು. ಅದನ್ನು ಕೇಳಿ ದಂಡೆಯ ಮೇಲೆ ಎದ್ದ ನಗೆಗೆ ಆ ದಿನದ ಮೊದಲ ಮೀನುಗಳು ಬೆದರಿ ಆ ಕಡೆಯ ದಡ ಸೇರಿದವು.

ಭಾವ ಎದ್ದು ಬಂದರು. ಮಾಸ್ತರು ಕೈ ಮುಗಿಯಲು ಹೋದರೆ ಅವರು ಆ ಕೈಗಳನ್ನೇ ಹಿಡಿದುಕೊಂಡರು. "ಹಕ್ಕಿಗೆ ಅಂದಿದ್ಲಲ್ಲ ಭಾವ" ಎಂದು ನಗುತ್ತ ಕಣ್ಣೀರು ಸುರಿಸಿದರು. "ಅಷ್ಟೊಂದು ಬ್ರೆಡ್ಡು ತಿನ್ನೋ ಹಕ್ಕಿ ಯಾವುದಪ್ಪ ಅಂತ ನನಗೂ ಅನುಮಾನ ಇತ್ತು." ಆ ದಿನ ಕಪ್ಪು ಭಾವನಿಗೆ ಹೋಯಿತು. ಮಾಸ್ತರು ಅದನ್ನು ತಮ್ಮ ಕೈಯಾರೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಮನಸ್ಸು ಹಗುರಾಗಿತ್ತು, ಹೊಟ್ಟೆಯಲ್ಲಿ ಮಾತ್ರ ಸ್ವಲ್ಪ ಉರಿ ಇತ್ತು.

ಇನ್ನು ಮಳೆಗಾಲ ಕಳೆಯುವ ತನಕ ಭಾನುವಾರ ಮನೆಯಲ್ಲೇ. ಮಾಸ್ತರು ಮೊದಲ ವಾರ ಕತ್ತರಿಗಳನ್ನೆಲ್ಲ ಸಾಣೆ ಹಿಡಿದರು. ಆಮೇಲೆ ಅಡುಗೆಮನೆಗೆ ಕೈ ಹಾಕಿ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಹೆಂಡತಿ ಬೈಯಬಹುದೆಂದು ಕಾದರು. ಆಕೆ ಬೈಯಲಿಲ್ಲ. ಅದು ಅವರಿಗೆ ಹೊಸ ಆತಂಕ. ಹಾಲು ತರಲು ಹೋದವಳು ಈಗ ಬೇಗ ಬರುತ್ತಿದ್ದಳು, ಆದರೆ ಕಣ್ಣು ಕೆಂಪಾಗಿರುತ್ತಿತ್ತು.

"ಏನಾಯ್ತೇ?"

"ಏನಿಲ್ಲ."

"ಹೇಳು ಅಂದ್ರೆ. ಈ ಸಲ ಕೇಳಿಸಿಕೊಳ್ತೀನಿ."

"ಅವು ಕಾಯ್ತಾ ಇವೆ ರೀ. ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಬಂದು ಬಾಯಿ ತೆರೆದುಕೊಂಡು ನಿಲ್ತವೆ. ಹರಕುತುಟಿ ಅಂತೂ ಕಲ್ಲಿಗೆ ಮೂತಿ ಒತ್ತಿಕೊಂಡು ಇರುತ್ತೆ. ಇಷ್ಟು ದಿನ ಹಾಕಿ ಈಗ ಬರಿಗೈ ತೋರಿಸಿ ಬರೋದು ಅಂದ್ರೆ ಹೊಟ್ಟೆ ಸಂಕಟ ಆಗುತ್ತೆ. ನಿಮಗೆ ತಮಾಷೆ ಅನ್ನಿಸಬಹುದು."

ಮಾಸ್ತರಿಗೆ ತಮಾಷೆ ಅನ್ನಿಸಲಿಲ್ಲ. ಆಕೆ ಅಳುವುದನ್ನು ಅವರು ಯಾವತ್ತೂ ಸಹಿಸಿದವರಲ್ಲ, ಈ ವಯಸ್ಸಿನಲ್ಲಂತೂ ಅದು ಇನ್ನೂ ಕಷ್ಟವಾಗಿತ್ತು. ಅವರು ಎರಡು ದಿನ ಗುಂಡಿಯ ಕಾಜಾ ಹೊಲಿಯುತ್ತ ಯೋಚಿಸಿದರು. ಮೂರನೆಯ ದಿನ ಟೇಪು ಕೊರಳಿಗೆ ಹಾಕಿಕೊಂಡೇ ಕ್ಲಿನಿಕ್ಕಿಗೆ ಓಡಿದರು.

"ಡಾಕ್ಟ್ರೇ, ನಮ್ಮ ನಿಯಮ ಏನು ಹೇಳುತ್ತೆ? ಎರಚಿದ್ದು ಮೇವು, ದಾರಕ್ಕೆ ಕಟ್ಟಿದ್ದು ಎರೆ. ಹೌದೋ ಅಲ್ವೋ?"

"ನೀವೇ ಬರೆದದ್ದು."

"ದಾರದ ತುದೀಲಿ ಕೊಕ್ಕೆ ಇರಲೇಬೇಕು ಅಂತ ಎಲ್ಲಾದ್ರೂ ಬರೆದಿದೀನಾ?"

ಡಾಕ್ಟರು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು ಯೋಚಿಸಿದರು. ಸಭೆ ಕರೆಯಲಾಯಿತು. ಮಾಸ್ತರು ವಾದಿಸಿದ ಪರಿಯನ್ನು ಈಗಲೂ ಸಂಘದಲ್ಲಿ ನೆನೆಯುತ್ತಾರೆ. ಕೊಕ್ಕೆಯಿಲ್ಲದ ದಾರಕ್ಕೆ ಒಂದು ಸಲಕ್ಕೆ ಒಂದೇ ಚೂರು ಕಟ್ಟಿ ಬಿಟ್ಟರೆ ಮೀನು ತಿನ್ನುತ್ತದೆ, ಮಿಕ್ಕುವುದಿಲ್ಲ, ತಳದಲ್ಲಿ ಕೊಳೆಯುವುದಿಲ್ಲ, ನೀರು ಕೆಡುವುದಿಲ್ಲ. ಆದ್ದರಿಂದ ಸದರಿ ಕ್ರಿಯೆಯು ಶಾಸ್ತ್ರೋಕ್ತ ಮೀನುಗಾರಿಕೆಯೇ ಹೊರತು ಅಪರಾಧವಲ್ಲ. ಮೀನು ಸಿಗುವುದಿಲ್ಲವಲ್ಲ ಎಂದು ಯಾರೋ ಕೇಳಿದರು. ಸಿಗದಿರುವುದು ಅಪರಾಧವಾದರೆ ಈ ಸಂಘದಲ್ಲಿ ಯಾರೂ ಜೈಲಿನ ಹೊರಗಿರುವುದಿಲ್ಲ ಎಂದರು ಮಾಸ್ತರು. ಭಾವ ಎರಡೂ ಕೈ ಎತ್ತಿದರು. ಹೆಂಡತಿ ಗಾಳಗಾರರ ಸಂಘದ ಸದಸ್ಯೆಯಾದಳು. ಮಾಸ್ತರು ಕಾಜಾ ಹೊಲಿಯುವ ಗಟ್ಟಿ ದಾರವನ್ನು ತಾವೇ ಹೊಸೆದು, ಕೋಲಿಗೆ ಕಟ್ಟಿ ಕೊಟ್ಟರು. ಆಕೆ ಅದನ್ನು ಕೈಗೆ ತೆಗೆದುಕೊಂಡಾಗ ನಕ್ಕ ನಗೆಗೆ ಹತ್ತು ಕಪ್ಪು ಸಮವಲ್ಲ ಎಂದು ಅವರಿಗೆ ಅನ್ನಿಸಿತು.

ಆ ಅನ್ನಿಸಿಕೆ ಮಳೆಗಾಲ ಮುಗಿಯುವ ತನಕ ಇತ್ತು.

ಶಿಕ್ಷೆ ಮುಗಿದ ಮೊದಲ ಭಾನುವಾರ ಮಾಸ್ತರು ಹೊಸ ಹುಳ, ಹೊಸ ಬೆಂಡು, ಇಸ್ತ್ರಿ ಮಾಡಿದ ಅಂಗಿಯೊಂದಿಗೆ ದಂಡೆಗೆ ಹೋದರು. ಇನ್ನು ಹಿಡಿದದ್ದೆಲ್ಲ ತನ್ನ ಸ್ವಂತ ಕೈಯಿಂದಲೇ, ಯಾರ ಬ್ರೆಡ್ಡಿನ ಹಂಗೂ ಇಲ್ಲ ಎಂದು ಬರುವಾಗಲೇ ಹೆಂಡತಿಗೆ ಹೇಳಿದ್ದರು. ಹಿಡಿದ ಮೀನನ್ನು ತಾನೇ ಹೆರೆದು ತೊಳೆಯುತ್ತೇನೆ ಎಂದೂ ಮಾತು ಕೊಟ್ಟಿದ್ದರು. ಆಕೆ ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ದಾರ ಬಿಟ್ಟಳು. ಕೆರೆಯಲ್ಲಿದ್ದ ಮೀನುಗಳೆಲ್ಲ ಆಕೆಯ ಮುಂದೆ ಬಂದವು. ಒಂದು ಚೂರು, ಒಂದು ಬಾಯಿ. ಇನ್ನೊಂದು ಚೂರು, ಇನ್ನೊಂದು ಬಾಯಿ. ಮಿಕ್ಕವು ತಮ್ಮ ಸರದಿಗೆ ಕಾದು ನಿಂತವು. ಒಂದಾದರೂ ಪಕ್ಕದ ಹುಳದ ಕಡೆ ತಿರುಗಿ ನೋಡಲಿಲ್ಲ.

ಬಿಸಿಲೇರಿತು. ಮಾಸ್ತರ ಬೆಂಡು ಅಲುಗಲಿಲ್ಲ.

"ಸ್ವಲ್ಪ ಆ ಕಡೆ ಹೋಗಿ ಕೂತ್ಕೊಳ್ಳೆ."

"ಯಾಕೆ, ಇಲ್ಲಿ ಕೂರಬಾರದು ಅಂತ ರೂಲ್ಸಿದೆಯಾ?"

ಇರಲಿಲ್ಲ. ಮಾಸ್ತರು ಹುಳ ಬದಲಾಯಿಸಿದರು. ಬೆಂಡು ಬದಲಾಯಿಸಿದರು. ಭಾವ ಆ ದಡದಿಂದ, "ಏನ್ ಭಾವ, ಸೂಜಿಗೆ ದಾರ ಪೋಣಿಸೋ ಕೈ ಹೆಂಗಿದೆ?" ಎಂದು ಕೂಗಿದರು. ಮಾಸ್ತರ ಮೂಗಿನ ತುದಿ ಕೆಂಪಾಯಿತು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಡಾಕ್ಟರು ಮರದ ಬುಡದಲ್ಲಿ ತೂಕಡಿಸುತ್ತಿದ್ದರು. ಮಾಸ್ತರು ತಮ್ಮ ಸ್ಟೂಲನ್ನು ಹೆಂಡತಿಯ ಕಡೆಗೆ ಜರುಗಿಸಿಕೊಂಡು ದನಿ ತಗ್ಗಿಸಿದರು.

"ಏನೇ."

"ಊಂ."

"ಒಂದು ಚೂರು ಈ ಕಡೆ ಎಸೀತೀಯಾ?"

ಆಕೆ ದಾರವನ್ನು ಮೇಲೆತ್ತಿ, ತಿರುಗಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಎರಚೋದು ಅಪರಾಧ ಅಲ್ವೇನ್ರೀ?"

"ಎರಚಬೇಡ. ಕೈಯಿಂದ ಜಾರಿ ಬಿದ್ದ ಹಾಗೆ. ಚಿಕ್ಕದು. ಯಾರೂ ನೋಡ್ತಿಲ್ಲ."

ಆಕೆ ದಾರವನ್ನು ಕೋಲಿಗೆ ಸುತ್ತಿಟ್ಟಳು. ಆಮೇಲೆ ಕತ್ತು ಚಾಚಿ ಆ ದಡದ ಕಡೆಗೆ ಕೂಗಿದಳು.

"ಅಣ್ಣಾ, ಅಧ್ಯಕ್ಷರನ್ನ ಸ್ವಲ್ಪ ಎಬ್ಬಿಸ್ತೀಯಾ? ಇಲ್ಲೊಂದು ಕೇಸಿದೆ."